ಎರಡನೆಯ ಸೌಟು

ಆ ಶಾಲೆಯ ಊಟದ ಮನೆಯಲ್ಲಿ ಮೂವತ್ತೆರಡು ವರ್ಷ ಬಡಿಸಿದ ಹೆಂಗಸಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಅದಕ್ಕೆ ಕೆಲಸವಿರಲಿಲ್ಲ. ಮಕ್ಕಳು, ಮೇಷ್ಟ್ರುಗಳು, ತರಕಾರಿ ತಂದುಹಾಕುವ ಗಾಡಿಯವನು, ಕೊನೆಗೆ ಕಟ್ಟಿಕೊಂಡ ಗಂಡ ಕೂಡ ಆಕೆಯನ್ನು ಸೌಟಮ್ಮ ಎಂದೇ ಕರೆಯುತ್ತಿದ್ದರು. ಆಕೆಗೂ ಅದು ಇಷ್ಟವೇ. ಹೆಸರು ಹೇಳಿದರೆ ಸಾಕು, ಏನು ಕೆಲಸ ಮಾಡ್ತೀಯ ಅಂತ ಯಾರೂ ಮತ್ತೆ ಕೇಳುವ ಹಾಗಿಲ್ಲ ಎಂದು ನಗುತ್ತಿದ್ದಳು.

ಆಕೆಯ ಬದುಕಿನಲ್ಲಿ ಹೇಳಿಕೊಳ್ಳುವಂಥ ದೊಡ್ಡ ಘಟನೆಗಳೇನೂ ಇಲ್ಲ. ಬಡಿಸಿದಳು, ತೊಳೆದಳು, ಮನೆಗೆ ಹೋದಳು, ಮರುದಿನ ಮತ್ತೆ ಬಂದು ಬಡಿಸಿದಳು. ಆದರೆ ಕೆಲಸದ ಕೊನೆಯ ವರ್ಷದಲ್ಲಿ, ತಾನು ಎಲ್ಲರ ಮುಂದೆ ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ ಒಂದು ಕೆಲಸ ನಿಜಕ್ಕೂ ಏನು ಮಾಡಿತ್ತು ಎಂಬುದು ಆಕೆಗೆ ತಿಳಿಯಿತು. ಇದು ಅದರ ಕಥೆ.

ಊಟದ ಮನೆ ಎಂದರೆ ಶಾಲೆಯ ಹಿಂಭಾಗದ ಹಳೆಯ ಗೋದಾಮು. ತಗಡಿನ ಛಾವಣಿ, ಎತ್ತರದಲ್ಲಿ ನಾಲ್ಕು ಸಣ್ಣ ಕಿಟಕಿ, ಆರು ಉದ್ದನೆಯ ಮೇಜು, ಅವುಗಳ ಎರಡೂ ಕಡೆ ಬೆಂಚು. ಒಂದು ತುದಿಯಲ್ಲಿ ಒಲೆಗಳು. ಒಲೆಗೂ ಮಕ್ಕಳಿಗೂ ನಡುವೆ ಸೊಂಟದೆತ್ತರದ ಕಟ್ಟೆ. ಕಟ್ಟೆಯ ಮೇಲೆ ಇಬ್ಬರು ಸೇರಿ ಎತ್ತಬೇಕಾದ ಎರಡು ಪಾತ್ರೆ. ಒಂದರಲ್ಲಿ ಅನ್ನ, ಇನ್ನೊಂದರಲ್ಲಿ ಕಾಳು, ತರಕಾರಿ ಹಾಕಿ ಗಟ್ಟಿಯಾಗಿ ಬೇಯಿಸಿದ್ದು. ವಾರಕ್ಕೆ ಎರಡು ದಿನ ಮೊಟ್ಟೆ. ಅಡುಗೆಯವನು ಬಾಯಿ ಬಿಡುವುದು ಉಪ್ಪು ನೋಡುವುದಕ್ಕೆ ಮಾತ್ರ ಎಂದು ಸೌಟಮ್ಮ ಛೇಡಿಸುತ್ತಿದ್ದಳು. ಇಬ್ಬರ ಪಾಲಿನ ಮಾತನ್ನೂ ಅವಳೊಬ್ಬಳೇ ಆಡಿ ಮುಗಿಸುತ್ತಿದ್ದರೆ ಪಾಪ, ಅವನು ತಾನೇ ಇನ್ನೇನು ಮಾಡಬೇಕು.

ಆಕೆ ಹಸಿವು ಬಲ್ಲವಳು. ಅಪ್ಪ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುತ್ತಿದ್ದ. ಆಕೆಗೆ ಒಂಬತ್ತು ವರ್ಷವಾಗಿದ್ದಾಗ ಅವನ ಬೆನ್ನು ಹಿಡಿದುಕೊಂಡು ಎಂಟು ತಿಂಗಳು ಹಾಸಿಗೆಯಿಂದ ಏಳಲಿಲ್ಲ. ಆ ಎಂಟು ತಿಂಗಳೂ ಆಕೆ ದಿನಾ ಮಧ್ಯಾಹ್ನ ಪುಣ್ಯವಂತರೊಬ್ಬರ ಅನ್ನದಾನದ ಸಾಲಿನಲ್ಲಿ ಬಟ್ಟಲು ಹಿಡಿದು ನಿಂತಳು. ಅಲ್ಲಿ ಬಡಿಸುತ್ತಿದ್ದವನ ಮುಖ ಆಕೆಗೆ ನೆನಪಿಲ್ಲ, ಕೈ ಮಾತ್ರ ನೆನಪಿದೆ. ಆ ಕೈ ಪಾತ್ರೆಯ ಮೇಲುಮೇಲಿನಿಂದಲೇ ಮೊಗೆಯುತ್ತಿತ್ತು. ಕಾಳೆಲ್ಲ ತಳದಲ್ಲಿ, ನೀರೆಲ್ಲ ಬಟ್ಟಲಲ್ಲಿ. ಅವನಿಗೆ ಬೇಕಾದವರು ಬಂದರೆ ಮಾತ್ರ ಸೌಟು ತಳ ಮುಟ್ಟಿ ಬರುತ್ತಿತ್ತು. ಸಾಲಿನಲ್ಲಿದ್ದವರೆಲ್ಲ ಅದನ್ನು ಕಾಣುತ್ತಿದ್ದರು, ಯಾರೂ ತುಟಿ ಬಿಚ್ಚುತ್ತಿರಲಿಲ್ಲ.

ಇಪ್ಪತ್ತಾರನೆಯ ವಯಸ್ಸಿನಲ್ಲಿ ಶಾಲೆಯ ಕೆಲಸ ಸಿಕ್ಕಿದ ದಿನ, ಸೌಟು ಕೈಗೆ ತೆಗೆದುಕೊಂಡವಳೇ ಅಡುಗೆಯವನಿಗೆ ಹೇಳಿದಳು.

“ಅಣ್ಣಾ, ನಾನು ಬಡಿಸಿದ್ರೆ ತಳದಿಂದಲೇ. ಆಮೇಲೆ ಪಾತ್ರೆ ಬೇಗ ಖಾಲಿಯಾಯ್ತು ಅಂತ ಗೊಣಗಬೇಡ.”

ಅಡುಗೆಯವನು ಗೊಣಗಲಿಲ್ಲ. ಮರುದಿನದಿಂದ ಎರಡು ಹಿಡಿ ಕಾಳು ಹೆಚ್ಚಿಗೆ ಹಾಕಿದ, ಅಷ್ಟೇ.

ಆಗೆಲ್ಲ ಶಾಲೆಯ ಊಟ ಎಲ್ಲರಿಗೂ ಬಿಟ್ಟಿ ಅಲ್ಲ. ಆ ಭಾಗದಲ್ಲಿ ಮುಕ್ಕಾಲು ಪಾಲು ಜನ ದಿನಗೂಲಿಯವರೇ ಆದರೂ, ಬಿಟ್ಟಿ ಊಟ ಬೇಕಾದರೆ ಅಪ್ಪನೋ ಅಮ್ಮನೋ ಬಂದು, ನಮ್ಮ ಕೈಲಾಗುವುದಿಲ್ಲ ಎಂದು ಫಾರ್ಮಿನಲ್ಲಿ ಬರೆದು ಸಹಿ ಹಾಕಬೇಕಿತ್ತು. ಉಳಿದವರು ಹಣ ಕಟ್ಟಬೇಕು, ಇಲ್ಲವೇ ಮನೆಯಿಂದ ಡಬ್ಬಿ ತರಬೇಕು. ಆ ಕಾಲದ ಹೆಡ್ ಮೇಡಂ ತಿಳಿದವರು. ಯಾವ ಮಗು ಬಿಟ್ಟಿ ತಿನ್ನುತ್ತದೆ ಎಂದು ಇನ್ನೊಂದು ಮಗುವಿಗೆ ಗೊತ್ತಾಗಬಾರದು ಎಂದು ಅವರು ಬಹಳ ತಲೆ ಕೆಡಿಸಿಕೊಂಡು ಒಂದು ಏರ್ಪಾಡು ಮಾಡಿದರು. ಹಣ ಕಟ್ಟಿದವರಿಗೂ ಕಟ್ಟದವರಿಗೂ ಒಂದೇ ಥರದ ತಗಡಿನ ಬಿಲ್ಲೆ. ಸೋಮವಾರ ಬೆಳಿಗ್ಗೆ ಎಲ್ಲರಿಗೂ ಮುಚ್ಚಿದ ಲಕೋಟೆಯಲ್ಲಿ ವಾರದ ಬಿಲ್ಲೆಗಳು. ಊಟದ ಮನೆಯ ಬಾಗಿಲಲ್ಲಿ ಡಬ್ಬಕ್ಕೆ ಟಣ್ ಎಂದು ಹಾಕಿ ಒಳಗೆ ಬರುವುದು. ಬಿಟ್ಟಿ ಊಟದವರ ಪಟ್ಟಿ ಆಫೀಸಿನ ಬೀರುವಿನಲ್ಲಿ. ಎಷ್ಟು ಜನಕ್ಕೆ ಬೇಯಿಸಬೇಕು ಎಂದು ತಿಳಿಯಲಿ ಎಂದು ಅದರದೊಂದು ಪ್ರತಿ ಅಡುಗೆಮನೆಯ ಉಗ್ರಾಣದ ಬಾಗಿಲ ಹಿಂದೆ.

“ಈ ಪಟ್ಟಿ ಇಲ್ಲಿಂದ ಹೊರಗೆ ಹೋಗಬಾರದು. ಬಾಯಿಂದಲೂ ಹೋಗಬಾರದು,” ಎಂದು ಮೇಡಂ ಸೌಟಮ್ಮನ ಮುಖ ನೋಡಿಯೇ ಹೇಳಿದ್ದರು. ಆಕೆಯ ಬಾಯಿಯ ಖ್ಯಾತಿ ಅವರಿಗೂ ಮುಟ್ಟಿತ್ತು.

ಸೌಟಮ್ಮ ಮಾತಿಗೆ ತಪ್ಪಿದವಳಲ್ಲ. ನಾಲ್ಕನೆಯ ತರಗತಿಯವರೆಗೆ ಓದಿದ್ದವಳು ಪಟ್ಟಿಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರನ್ನು ಕೂಡಿಸಿಕೊಂಡು ಓದಿದಳು, ಒಂದೊಂದು ಹೆಸರಿಗೆ ಒಂದೊಂದು ಮುಖ ಹೊಂದಿಸಿಕೊಂಡಳು. ಯಾರೊಬ್ಬರ ಮುಂದೆಯೂ ಒಂದು ಅಕ್ಷರ ಆಡಲಿಲ್ಲ. ಆದರೆ ಪಟ್ಟಿಯಲ್ಲಿದ್ದ ಮಗು ತಟ್ಟೆ ಒಡ್ಡಿದಾಗ ಆಕೆಯ ಕೈ ತಾನಾಗಿ ಮತ್ತೊಮ್ಮೆ ಪಾತ್ರೆಗೆ ಇಳಿಯುತ್ತಿತ್ತು. ಉಳಿದವರಿಗೆ ಒಂದು ಸೌಟು, ಈ ಮಕ್ಕಳಿಗೆ ಎರಡು. ಈ ಮಗುವಿನ ಮನೆಯಲ್ಲಿ ಸಂಜೆಗೆ ಒಲೆ ಹೊತ್ತುತ್ತದೋ ಇಲ್ಲವೋ ಯಾರಿಗೆ ಗೊತ್ತು, ಮಧ್ಯಾಹ್ನವಾದರೂ ಹೊಟ್ಟೆ ಬಿರಿಯ ತಿನ್ನಲಿ ಎಂಬುದು ಅವಳ ಲೆಕ್ಕಾಚಾರ. ಯಾರೂ ಹೇಳಿ ಮಾಡಿಸಿದ್ದಲ್ಲ. ತನಗೂ ಮೇಲಿರುವವನಿಗೂ ಮಾತ್ರ ಗೊತ್ತಿರುವ ಗುಟ್ಟು ಎಂದುಕೊಂಡು ಒಳಗೊಳಗೇ ಹಿಗ್ಗುತ್ತಿದ್ದಳು.

ಪಟ್ಟಿ ಬಾಗಿಲ ಹಿಂದಿನಿಂದ ಕದಲಲೇ ಇಲ್ಲ. ಪಟ್ಟಿಯಲ್ಲಿದ್ದದ್ದೆಲ್ಲ ದಿನಾ ಮಧ್ಯಾಹ್ನ ತಟ್ಟೆಯ ಮೇಲೆ ಬರುತ್ತಿತ್ತು. ಇದು ಆಕೆಗೆ ಹೊಳೆಯಲೇ ಇಲ್ಲವಲ್ಲ ಎಂದು ಈಗ ಯಾರಾದರೂ ಕೇಳಬಹುದು. ಒಳ್ಳೆಯದು ಮಾಡುತ್ತಿದ್ದೇನೆ ಎಂದು ಗಟ್ಟಿಯಾಗಿ ನಂಬಿದವರಿಗೆ ಕಣ್ಣೆದುರಿನದೂ ಕಾಣುವುದಿಲ್ಲ. ಸೌಟಮ್ಮನಿಗೆ ಮೂವತ್ತು ವರ್ಷ ಕಾಣಲಿಲ್ಲ.

ಈ ಊಟದ ಮನೆಗೆ ಹೊಸದಾಗಿ ಯಾರು ಕೆಲಸಕ್ಕೆ ಸೇರಿದರೂ ಸೌಟಮ್ಮನ ಒಂದು ಕಥೆ ಕೇಳದೆ ಅವರಿಗೆ ಬಿಡುಗಡೆ ಇರಲಿಲ್ಲ. ಬೀಗದವನ ಮಗಳ ಕಥೆ. ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಸಣ್ಣ ಪೆಟ್ಟಿಗೆಯಿಟ್ಟುಕೊಂಡು ಬೀಗ ರಿಪೇರಿ ಮಾಡುವ, ನಕಲಿ ಕೀಲಿ ಕೊರೆದುಕೊಡುವ ಒಬ್ಬನಿದ್ದ. ಅವನ ಮಗಳು ಏಳನೆಯ ತರಗತಿ. ಲೆಕ್ಕದಲ್ಲಿ ಬಹಳ ಚುರುಕು. ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಮುಗಿಸುವಷ್ಟರಲ್ಲಿ ಉತ್ತರ ಹೇಳಿಬಿಡುವವಳು. ಅವಳನ್ನು ಶಾಲೆಗಳ ನಡುವಿನ ಲೆಕ್ಕದ ಸ್ಪರ್ಧೆಗೆ ಆರಿಸಿದ್ದರು. ಆ ಹುಡುಗಿ ಒಂದು ದಿನದಿಂದ ಊಟಕ್ಕೆ ಬರುವುದನ್ನು ನಿಲ್ಲಿಸಿದಳು. ಎರಡು ದಿನ ನೋಡಿದಳು ಸೌಟಮ್ಮ, ನಾಲ್ಕು ದಿನ ನೋಡಿದಳು. ಎರಡು ವಾರವಾದ ಮೇಲೆ ತಡೆಯಲಾಗಲಿಲ್ಲ. ತಟ್ಟೆ ತುಂಬ ಬಡಿಸಿಕೊಂಡು, ಮೇಲೊಂದು ತಟ್ಟೆ ಮುಚ್ಚಿಕೊಂಡು, ಎಪ್ರನ್ನಿನಲ್ಲೇ ಅಂಗಳ ದಾಟಿ, ಮಹಡಿ ಹತ್ತಿ, ಸೀದಾ ಏಳನೆಯ ತರಗತಿಗೆ ನುಗ್ಗಿದಳು. ಸ್ಪರ್ಧೆಗೆ ತಯಾರಿ ನಡೆಯುತ್ತಿತ್ತು. ಲೆಕ್ಕದ ಮೇಷ್ಟ್ರು, ಇಪ್ಪತ್ತು ಮೂವತ್ತು ಮಕ್ಕಳು. ಹುಡುಗಿಯ ಮುಂದೆ ತಟ್ಟೆಯಿಟ್ಟು, ತಲೆ ಸವರಿ ಹೇಳಿದಳಂತೆ: “ತಿನ್ನು ಮಗಳೇ. ನಿಮ್ಮಪ್ಪಂಗೆ ಸಂಪಾದನೆ ಇಲ್ಲ ಅಂತ ನಂಗೊತ್ತು. ನಾಚ್ಕೋಬೇಡ. ನಾನಿರೋವರೆಗೆ ನೀನು ಹಸ್ಕೊಂಡಿರಬಾರದು.”

ಇಲ್ಲಿಗೆ ಬರುವಾಗ ಸೌಟಮ್ಮನ ಗಂಟಲು ಪ್ರತಿ ಸಲವೂ ಕಟ್ಟುತ್ತಿತ್ತು, ಕೇಳಿದವರ ಗಂಟಲೂ ಕಟ್ಟುತ್ತಿತ್ತು. ಆಮೇಲೆ ಕಣ್ಣೊರೆಸಿಕೊಂಡು ಕಥೆಗೆ ಬಾಲ ಸೇರಿಸುತ್ತಿದ್ದಳು: “ಏನು ಪ್ರಯೋಜನ. ಮಾರನೇ ದಿನವೇ ಆ ಅಪ್ಪ ಅನ್ನೋನು ಹುಡುಗೀನ ಶಾಲೆ ಬಿಡಿಸಿಬಿಟ್ಟ. ಚಿನ್ನದಂಥ ಹುಡುಗಿ. ಅವನ ಕೈ ಸೇದಿಹೋಗ!”

ಹದಿನೇಳು ವರ್ಷ ಈ ಕಥೆ ಓಡಿತು. ಹೆಡ್ ಮೇಡಂಗಳು ಬದಲಾದರು, ಕಥೆ ಬದಲಾಗಲಿಲ್ಲ. ಹೊಸ ಮೇಷ್ಟ್ರುಗಳಿಗೆ ಹಳೆಯ ಮೇಷ್ಟ್ರುಗಳೇ ಹೇಳತೊಡಗಿದರು.

ಸೌಟಮ್ಮನ ಕೊನೆಯ ವರ್ಷ ಮೇಲಿನಿಂದ ಹೊಸ ಆದೇಶ ಬಂತು. ಬಡವರು ಹೆಚ್ಚಾಗಿರುವ ಭಾಗಗಳ ಶಾಲೆಗಳಲ್ಲಿ ಇನ್ನು ಮುಂದೆ ಪ್ರತಿಯೊಂದು ಮಗುವಿಗೂ ಉಚಿತ ಊಟ. ಫಾರ್ಮ್ ಇಲ್ಲ, ಸಹಿ ಇಲ್ಲ, ಬಿಲ್ಲೆ ಇಲ್ಲ, ಪಟ್ಟಿ ಇಲ್ಲ. ಯಾರು ಬಡವರು ಎಂದು ಕೇಳುವಂತೆಯೇ ಇಲ್ಲ.

ಸೌಟಮ್ಮ ಮುಖ ಸಿಂಡರಿಸಿದಳು. “ಇದೊಳ್ಳೆ ಕಥೆ! ಆ ಬೇಕರಿ ಸಾಹುಕಾರನ ಮಕ್ಕಳಿಗೂ ನಾನು ಬಿಟ್ಟಿ ಬಡಿಸಬೇಕೇನು? ಇಲ್ಲದವರಿಗೆ ಕೊಡಿ, ಇನ್ನೂ ನಾಕು ಸೌಟು ಕೊಡಿ, ಬೇಡ ಅಂದವರಾರು? ಉಂಡು ತೇಗಿದವರಿಗೆ ಯಾಕೆ?” ಒಂದು ವಾರ ಹೀಗೆ ಹರಿಹಾಯ್ದಳು. ಅಡುಗೆಯವನು ಬಿಲ್ಲೆಯ ಡಬ್ಬವನ್ನು ತೊಳೆದು ಅದರಲ್ಲಿ ಜೀರಿಗೆ ತುಂಬಿಟ್ಟ. ಅವನ ಅಭಿಪ್ರಾಯ ಅದು.

ಮೊದಲ ದಿನ ಸಾಲು ಬಾಗಿಲು ದಾಟಿ, ಅಂಗಳ ಸುತ್ತಿ, ಮೆಟ್ಟಿಲವರೆಗೆ ಹೋಯಿತು. ನೂರ ಎಂಬತ್ತು ಮಕ್ಕಳು ಉಣ್ಣುತ್ತಿದ್ದ ಜಾಗಕ್ಕೆ ನಾನೂರ ಹತ್ತು ಬಂದವು. ಸೌಟಮ್ಮನಿಗೆ ನಂಬಲಾಗಲಿಲ್ಲ. ಡಬ್ಬಿಯಲ್ಲಿ ಏನಿದೆಯೋ ಕಾಣದ ಹಾಗೆ ಮುಚ್ಚಳ ಅಡ್ಡ ಹಿಡಿದು ತಿನ್ನುತ್ತಿದ್ದವರು, ಹೊಟ್ಟೆನೋವು ಎಂದು ಹೇಳಿ ಆಟದ ಬಯಲಿನಲ್ಲೇ ಉಳಿಯುತ್ತಿದ್ದವರು, ಅಪ್ಪಂದಿರು ಸ್ವಾಭಿಮಾನಕ್ಕೆ ಫಾರ್ಮಿಗೆ ಸಹಿ ಹಾಕದೆ ಬಿಟ್ಟವರು, ಎಲ್ಲ ಬಂದಿದ್ದರು.

“ಇಷ್ಟೊಂದು ಮಕ್ಕಳು ಇಷ್ಟು ದಿನ ಎಲ್ಲಿ ತಿಂತಿದ್ವು?” ಎಂದಳು ಸೌಟಮ್ಮ.

“ತಿಂತಾ ಇರಲಿಲ್ಲ,” ಎಂದಳು ಪಕ್ಕದಲ್ಲಿ ಅನ್ನ ಬಡಿಸುತ್ತಿದ್ದ ಹೊಸಬಳು.

ಹೊಸಬಳು ಎಂದರೆ, ಕೆಲಸ ಹೆಚ್ಚಾಯಿತೆಂದು ಆ ವಾರವಷ್ಟೇ ಸೇರಿಸಿಕೊಂಡಿದ್ದ ಹೆಂಗಸು. ಮೂವತ್ತರ ಒಳಗಿನ ವಯಸ್ಸು, ತೆಳ್ಳಗೆ, ಮಾತು ಕಡಿಮೆ. ಮಗಳು ಅದೇ ಶಾಲೆಯಲ್ಲಿ ಒಂದನೆಯ ತರಗತಿ. ಹೊಸಬಳ ಕೆಲಸ ಚೊಕ್ಕಟ. ಅನ್ನ ಮೊಗೆದಮೇಲೆ ಸೌಟನ್ನು ಪಾತ್ರೆಯ ಅಂಚಿಗೆ ಒಮ್ಮೆ ಸವರಿ ಮಟ್ಟ ಮಾಡುತ್ತಿದ್ದಳು; ನಾನೂರ ಹತ್ತು ತಟ್ಟೆಯಲ್ಲೂ ಒಂದೇ ಸಮ. ನಾನೂರ ಹತ್ತಕ್ಕೆ ಎಷ್ಟು ಅಕ್ಕಿ, ಎಷ್ಟು ಕಾಳು ಎಂದು ಅಡುಗೆಯವನು ತಲೆ ಕೆರೆದುಕೊಳ್ಳುತ್ತಿದ್ದರೆ ಅವಳು ಪಾತ್ರೆ ತೊಳೆಯುತ್ತಲೇ ಹೇಳಿಬಿಡುತ್ತಿದ್ದಳು. ಸೌಟಮ್ಮ ಅದನ್ನು ಮೆಚ್ಚಿಕೊಂಡಳು, ಆದರೆ ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ಯೋಚಿಸುವುದಕ್ಕೆ ಬಾಯಿಗೆ ಬಿಡುವು ಬೇಕಲ್ಲ.

ಒಂದು ವಿಷಯ ಮಾತ್ರ ಆಕೆಗೆ ಸೇರಲಿಲ್ಲ. ಪಟ್ಟಿ ಹೋದರೂ ಸೌಟಮ್ಮನ ಕಣ್ಣು ಹೋಗಿರಲಿಲ್ಲವಷ್ಟೆ. ಹರಿದ ಚಪ್ಪಲಿಯ, ಒಣಗಿದ ತುಟಿಯ ಮಗುವೊಂದು ಎದುರಿಗೆ ಬಂದರೆ ಕೈ ಎರಡನೆಯ ಸಲ ಇಳಿಯುತ್ತಿತ್ತು. ಆಗ ಹೊಸಬಳು ಬೇಕೆಂದೇ ತನ್ನ ತಟ್ಟೆಗಳ ರಾಶಿ ಅಡ್ಡ ತಳ್ಳುವಳು, ಇಲ್ಲವೇ “ಮುಂದಕ್ಕೆ ನಡಿ ಮರೀ” ಎಂದು ಆ ಮಗುವನ್ನು ದಾಟಿಸಿಬಿಡುವಳು.

“ಏನೇ ನಿನ್ನ ಕೈ ಇಷ್ಟು ಬಿಗಿ? ನಿಮ್ಮಪ್ಪನ ಮನೆ ಕಾಳೇನು?” ಎಂದು ಸೌಟಮ್ಮ ಗದರಿದಳು. ಹೊಸಬಳು ಮುಂದಿನ ತಟ್ಟೆಗೆ ಅನ್ನ ಹಾಕಿದಳು.

ಮೂರನೆಯ ವಾರ, ಊಟ ಮುಗಿದು ಹಿತ್ತಲ ನಲ್ಲಿಯ ಹತ್ತಿರ ಇಬ್ಬರೂ ಪಾತ್ರೆ ಉಜ್ಜುತ್ತ ಕುಳಿತಿದ್ದಾಗ ಸೌಟಮ್ಮನಿಗೆ ಅನ್ನಿಸಿತು, ಈ ಹುಡುಗಿಗೆ ಕರುಣೆ ಎಂದರೆ ಏನೆಂದು ಸ್ವಲ್ಪ ಕಲಿಸಬೇಕು. ಬೀಗದವನ ಮಗಳ ಕಥೆ ಶುರುವಾಯಿತು. ಸಾವಕಾಶವಾಗಿ, ಎಲ್ಲೆಲ್ಲಿ ನಿಲ್ಲಬೇಕೋ ಅಲ್ಲಲ್ಲಿ ನಿಂತು ಹೇಳಿದಳು. ತಟ್ಟೆ ಮುಚ್ಚಿಕೊಂಡದ್ದು, ಮಹಡಿ ಹತ್ತಿದ್ದು, ತಲೆ ಸವರಿದ್ದು. ಗಂಟಲು ಕಟ್ಟಬೇಕಾದಲ್ಲಿ ಕಟ್ಟಿತು. ಹೊಸಬಳು ತಲೆ ತಗ್ಗಿಸಿ ಉಜ್ಜುತ್ತಲೇ ಇದ್ದಳು.

“...ಮಾರನೇ ದಿನವೇ ಆ ಅಪ್ಪ ಅನ್ನೋನು ಶಾಲೆ ಬಿಡಿಸಿಬಿಟ್ಟ ನೋಡು. ಅವನ ಕೈ...”

“ನಮ್ಮಪ್ಪ ಬಿಡಿಸಲಿಲ್ಲ.”

“ಏನಂದೆ?”

“ನಮ್ಮಪ್ಪ ಬಿಡಿಸಲಿಲ್ಲ ಅಂದೆ. ಮೂರು ದಿನ ಹೋಗು ಹೋಗು ಅಂತ ಬೇಡ್ಕೊಂಡ. ಪಾಪ, ಕಾರಣ ಗೊತ್ತಾಗದೆ ಒಂದೇಟು ಹೊಡೆದ ಕೂಡ. ನಾನೇ ಬಿಟ್ಟಿದ್ದು.”

ಆ ಮುಖವನ್ನು ಸೌಟಮ್ಮ ಮೂರು ವಾರದಿಂದ ದಿನಾ ನೋಡುತ್ತಿದ್ದಳು, ಈಗ ಮೊದಲ ಸಲ ನೋಡಿದಳು. ಹೌದು, ಅವಳೇ. ಅದೇ ಹಣೆ, ಎಡ ಹುಬ್ಬಿನ ಮೇಲೆ ಅದೇ ಸಣ್ಣ ಗಾಯದ ಗೆರೆ.

“ನೀವು ಎರಡು ಸೌಟು ಹಾಕ್ತಿದ್ರಲ್ಲ,” ಎಂದಳು ಹೊಸಬಳು, ಜಗಳದ ದನಿಯಲ್ಲಲ್ಲ, ಯಾರದೋ ಸುದ್ದಿ ಹೇಳುವ ಹಾಗೆ. “ಬಿಲ್ಲೆ ನೋಡಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ತಟ್ಟೆ ನೋಡಿದ್ರೆ ಎಲ್ಲರಿಗೂ ಗೊತ್ತಾಗ್ತಿತ್ತು. ನಮಗೆ ಜೋಡಿಸೌಟು ಅಂತ ಹೆಸರಿಟ್ಟಿದ್ರು. ಜೋಡಿಸೌಟು ಬಂತು ಜರುಗ್ರೋ ಅಂತಿದ್ರು. ಒಂದೇ ಹಾಕಿ ಅಂತ ನಿಮ್ಮ ಹತ್ರ ಎಷ್ಟೋ ಸಲ ಹೇಳಿದೀನಿ. ತಿನ್ನೇ ಸುಮ್ನೆ, ಸಂಕೋಚ ಯಾಕೆ ಅಂತ ಇನ್ನೂ ಒತ್ತಿ ಹಾಕ್ತಿದ್ರಿ. ಅದಕ್ಕೇ ಬರೋದು ಬಿಟ್ಟೆ. ಈ ನಲ್ಲೀಲೇ ನೀರು ಕುಡಿದು ಹೊತ್ತು ಕಳೀತಿದ್ದೆ. ಹಸಿವು ರೂಢಿ ಆಗತ್ತೆ ಅಮ್ಮಾ. ಅಷ್ಟಕ್ಕೇ ಬಿಟ್ಟಿದ್ರೆ ಹೇಗೋ ನಡ್ಕೊಂಡು ಹೋಗ್ತಿತ್ತು. ಲೆಕ್ಕದ ಕ್ಲಾಸಲ್ಲಿ ಮಾತ್ರ ನನ್ನನ್ನ ಯಾರೂ ಹಾಗೆ ಕರೀತಿರಲಿಲ್ಲ. ಅಲ್ಲಿ ಕರೆಯೋಕೆ ಅವರಿಗೆ ಧೈರ್ಯ ಇರಲಿಲ್ಲ. ನೀವು ಅಲ್ಲಿಗೇ ತಟ್ಟೆ ತಂದ್ರಿ.”

ಸೌಟಮ್ಮನ ಕೈಯಲ್ಲಿದ್ದ ನಾರು ನೀರಿನಲ್ಲಿ ತೇಲಿಕೊಂಡು ಹೋಯಿತು. ಅದನ್ನು ಹಿಡಿಯಲು ಹೋಗದೆ ಕೇಳಿದಳು: “ನನ್ನ ಮೇಲೆ ಸಿಟ್ಟು ಬರಲಿಲ್ವೇನೇ ನಿಂಗೆ?”

“ಹೇಗೆ ಮಾಡ್ಕೊಳ್ಳಲಿ? ನೀವು ಕೆಟ್ಟವರಾಗಿದ್ರೆ ಸಲೀಸಾಗಿತ್ತು. ಬಾಯಿಗೆ ಬಂದ ಹಾಗೆ ಬೈಕೊಂಡು ಅಲ್ಲೇ ಓದ್ತಾ ಇರ್ತಿದ್ದೆ.”

“ಇಲ್ಲಿಗೆ ಬಂದ ದಿನವೇ ಯಾಕೆ ಹೇಳಲಿಲ್ಲ?”

“ಗುರುತು ಹಿಡೀತೀರೇನೋ ಅಂತ ನೋಡ್ತಿದ್ದೆ.” ಹೊಸಬಳು ಎದ್ದು, ತೊಳೆದ ಪಾತ್ರೆಯನ್ನು ಬಿಸಿಲಿಗೆ ಬೋರಲು ಹಾಕಿದಳು. “ಯಾರಿಗೂ ಹೇಳಬೇಡಿ. ಫಾರ್ಮ್ ತುಂಬೋ ಕಾಲ ಹೋಯ್ತು ಅಂತಲೇ ನನ್ನ ಮಗಳನ್ನ ಈ ಶಾಲೆಗೆ ಹಾಕಿರೋದು. ಅವಳಮ್ಮ ಜೋಡಿಸೌಟು ಅಂತ ಅವಳ ಕ್ಲಾಸಿನವರಿಗೆ ಗೊತ್ತಾಗೋದು ಬೇಡ.”

“ಇಲ್ಲಮ್ಮಾ, ಪ್ರಾಣ ಹೋದ್ರೂ ಹೇಳಲ್ಲ,” ಎಂದಳು ಸೌಟಮ್ಮ.

ಆ ಸಂಜೆ ಮನೆಯಲ್ಲಿ ಗಂಡನಿಗೆ ಬಡಿಸುತ್ತ, ಇದ್ದಕ್ಕಿದ್ದಂತೆ ಕೇಳಿದಳು: “ನೀವು ಬೇಡ ಅಂದಿದ್ದನ್ನ ನಾನು ಯಾವತ್ತಾದ್ರೂ ಬಲವಂತ ಮಾಡಿ ಬಡಿಸಿದೀನಾ?” ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು, ತಮಾಷೆಯ ಮನುಷ್ಯ. “ಮದುವೆಯಾದ ದಿನದಿಂದ ಸಾಕು ಸಾಕು ಅಂತಿದೀನಿ. ಒಂದು ದಿನ ನಿನ್ನ ಕೈ ನಿಂತಿದೆಯಾ? ಈ ಹೊಟ್ಟೆ ಯಾರ ಕೃಪೆ ಅಂದ್ಕೊಂಡೆ?” ಎಂದು ಹೊಟ್ಟೆ ಸವರಿಕೊಂಡ. ಬೇರೆ ದಿನವಾಗಿದ್ದರೆ ಒಂದಕ್ಕೆ ಎರಡು ಮಾತು ಬೀಳುತ್ತಿತ್ತು. ಸೌಟಮ್ಮ ಸುಮ್ಮನೆ ಎದ್ದುಹೋದಳು. ಗಂಡ ಗಾಬರಿಯಾಗಿ ಹಿಂದೆಯೇ ಹೋಗಿ ಹಣೆ ಮುಟ್ಟಿ ನೋಡಿದ. ಜ್ವರ ಇರಲಿಲ್ಲ.

ಅವಳ ಮನಸ್ಸಿನಲ್ಲಿ ಆ ಹುಡುಗಿಯೊಬ್ಬಳೇ ಇರಲಿಲ್ಲ, ಅದೇ ಕಷ್ಟ. ಬೆರಳಿಟ್ಟು ಕೂಡಿಸಿಕೊಂಡು ಓದಿದ ಹೆಸರುಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ತಟ್ಟೆ ತುಂಬಿದ ಕೂಡಲೇ ಗೋಡೆಯ ಕಡೆ ಮುಖ ಮಾಡಿ ಕುಳಿತುಕೊಳ್ಳುತ್ತಿದ್ದ ಅಣ್ಣತಮ್ಮಂದಿರು. ಹಸಿದಿದ್ದಾರೆ, ಬೇಗ ತಿಂದು ಓಡುವ ಆತುರ ಎಂದುಕೊಂಡಿದ್ದಳು. “ಒಂದೇ ಸಾಕಮ್ಮಾ” ಎಂದು ದಿನಾ ಹೇಳುತ್ತಿದ್ದ ಸೀಳುತುಟಿಯ ಹುಡುಗಿ. ಒಳ್ಳೆಯ ಮನೆತನದ ಸಂಕೋಚ ಎಂದುಕೊಂಡಿದ್ದಳು. ಮಧ್ಯದಲ್ಲೇ ಶಾಲೆ ಬಿಟ್ಟವರು ಎಷ್ಟು ಜನ, ಅವರಲ್ಲಿ ಎಷ್ಟು ಜನ ತನ್ನ ಕೈಯಿಂದಾಗಿ ಬಿಟ್ಟವರು? ಕೇಳಿ ತಿಳಿದುಕೊಳ್ಳಲು ಈಗ ಯಾರೂ ಸಿಗುವುದಿಲ್ಲ. ತಾನೇ ಒಂದು ಕಾಲಕ್ಕೆ ಬಡಿಸುವವನ ಕೈಯನ್ನೇ ನೋಡುತ್ತ ನಿಂತಿದ್ದವಳು, ಮಕ್ಕಳೂ ಹಾಗೇ ನೋಡುತ್ತವೆ ಎಂಬುದನ್ನು ಹೇಗೆ ಮರೆತೆ ಎಂದು ತನ್ನನ್ನೇ ಹಳಿದುಕೊಂಡಳು. ಆ ಅನ್ನದಾನದವನು ಎಷ್ಟು ಕಡಿಮೆ ಹಾಕಿದರೂ ಯಾರೂ ಊಟ ಬಿಟ್ಟು ಓಡಿರಲಿಲ್ಲ. ಈ ಯೋಚನೆ ಬಂದ ಮೇಲಂತೂ ಆಕೆಗೆ ನಾಚಿಕೆ ತಡೆಯದಾಯಿತು.

ಮರುದಿನದಿಂದ ಸೌಟಮ್ಮ ಎಲ್ಲರಿಗೂ ಒಂದೇ ಸಮ ಬಡಿಸಿದಳು. ಬೇಕರಿಯವನ ಮಗನಿಗೂ ತಳದಿಂದಲೇ. ತಿಂಗಳು ಕಳೆದ ಮೇಲೆ ಅಡುಗೆಯವನಿಗೆ ಹೇಳಿ ಒಂದು ಪಾತ್ರೆಯನ್ನು ಮಧ್ಯದ ಮೇಜಿನ ಮೇಲೆ ಇಡಿಸಿದಳು; ಇನ್ನೂ ಬೇಕೆನ್ನಿಸಿದ ಮಕ್ಕಳು, ಯಾರಾದರಾಗಲಿ, ಎದ್ದುಹೋಗಿ ತಾವೇ ಹಾಕಿಕೊಳ್ಳಲಿ ಎಂದು. ಮೊದಲು ಎದ್ದುಹೋದವರು ಬೇಕರಿಯವನ ಮಕ್ಕಳೇ. ಅವರ ಹಿಂದೆ ಎಲ್ಲರೂ ಹೋದರು. “ಇದು ಒಳ್ಳೇದಾಯ್ತು,” ಎಂದಳು ಹೊಸಬಳು. ಅಷ್ಟೇ ಮಾತು. ಆ ಮಾತಿಗೆ ಸೌಟಮ್ಮನಿಗೆ ಖುಷಿಯಾಗಲಿಲ್ಲ. ಇಷ್ಟು ಸುಲಭದ ಕೆಲಸ, ಇದನ್ನು ಮೂವತ್ತು ವರ್ಷದ ಹಿಂದೆಯೇ ಮಾಡಬಹುದಿತ್ತು.

ಸುಮ್ಮನಿರುವುದು ಆಕೆಗೆ ಬಂದ ಕೆಲಸವಲ್ಲ. ಒಂದು ದಿನ, ಈ ಹುಡುಗಿಗೆ ಈಗಲಾದರೂ ಓದು ಮುಂದುವರಿಸಲು ಏನಾದರೂ ದಾರಿ ಇದೆಯೇ ಎಂದು ಕೇಳೋಣ ಎಂದು ಹೆಡ್ ಮೇಡಂ ಕೋಣೆಯ ಬಾಗಿಲವರೆಗೂ ಹೋದಳು. ಪರದೆ ಸರಿಸಲು ಕೈ ಎತ್ತಿದವಳಿಗೆ, ತಾನು ಮತ್ತೊಂದು ತಟ್ಟೆ ಹೊತ್ತುಕೊಂಡು ಹೊರಟಿದ್ದೇನೆ ಎಂದು ಹೊಳೆಯಿತು. “ಏನಮ್ಮಾ?” ಎಂದರು ಮೇಡಂ ಒಳಗಿನಿಂದ. “ಏನಿಲ್ಲ ಮೇಡಂ, ಗಂಟೆ ಎಷ್ಟು ಅಂತ,” ಎಂದು ಹೇಳಿ ವಾಪಸು ಬಂದಳು. ಬೀಗದವನ ಮಗಳ ಕಥೆಯನ್ನು ಅವಳು ಅದಾದ ಮೇಲೆ ಯಾರಿಗೂ ಹೇಳಲಿಲ್ಲ.

ಆದರೆ ಕಥೆ ಅವಳ ಕೈ ಬಿಟ್ಟು ಹೋಗಿ ಎಷ್ಟೋ ಕಾಲವಾಗಿತ್ತು.

ಬೀಳ್ಕೊಡುಗೆಯನ್ನು ಊಟದ ಮನೆಯಲ್ಲೇ ಇಟ್ಟುಕೊಂಡರು. ಆರು ಮೇಜುಗಳನ್ನೂ ಗೋಡೆಗೆ ಸರಿಸಿ, ನಾನೂರು ಮಕ್ಕಳನ್ನು ನೆಲದ ಮೇಲೆ ಕೂರಿಸಿ, ಸೌಟಮ್ಮನಿಗೆ ಮೇಷ್ಟ್ರ ಕುರ್ಚಿ ಹಾಕಿದರು. ಕೊರಳಿಗೆ ಹಾರ, ಮಡಿಲಿಗೆ ಒಂದು ಬುಟ್ಟಿ ಸೇಬು. ಗಂಡ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೊದಲ ಸಾಲಿನಲ್ಲಿ. ಅಡುಗೆಯವನು, ಹೊಸಬಳು ಹಿಂದೆ ಒಲೆಯ ಪಕ್ಕ ನಿಂತಿದ್ದರು.

ಈಗಿನ ಹೆಡ್ ಮೇಡಂ ಮಾತಿಗೆ ನಿಂತರು. “ಮಕ್ಕಳೇ, ಈವತ್ತು ನಿಮಗೊಂದು ಕಥೆ ಹೇಳ್ತೀನಿ. ಹದಿನೇಳು ವರ್ಷದ ಹಿಂದೆ ಇದೇ ಶಾಲೇಲಿ ಒಬ್ಬ ಬಡ ಹುಡುಗಿ ಇದ್ಲು...”

ಸೌಟಮ್ಮ ಮಡಿಲಿನ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಮೇಡಂ ಒಂದನ್ನೂ ಬಿಡಲಿಲ್ಲ. ಮುಚ್ಚಿದ ತಟ್ಟೆ, ಮಹಡಿ, ತಲೆ ಸವರಿದ್ದು. ಬೀಗದ ಕೆಲಸದವನು ಎಂಬುದು ಕಾಲಾಂತರದಲ್ಲಿ ಸವೆದು ‘ಒಬ್ಬ ಕೂಲಿ’ ಎಂದಾಗಿತ್ತು; ಅಷ್ಟರಮಟ್ಟಿಗೆ ಪುಣ್ಯ. ಎದ್ದುನಿಂತು ನಿಲ್ಲಿಸಿ ಎನ್ನಲೇ? ಇದು ಪುಣ್ಯದ ಕೆಲಸವಲ್ಲ, ಒಂದು ಮಗುವಿನ ಓದು ನನ್ನಿಂದ ಹಾಳಾಯಿತು ಎನ್ನಲೇ? ಎಂದರೆ ಯಾವ ಮಗು, ಯಾರ ಮಗಳು, ಈಗ ಎಲ್ಲಿದ್ದಾಳೆ ಎಂದು ಕೇಳದೆ ಬಿಡುತ್ತಾರೆಯೇ? ಸುಮ್ಮನಿದ್ದರೆ ಇಷ್ಟೂ ಹೊಗಳಿಕೆಯನ್ನು ನುಂಗಬೇಕು. ಹಿಂದೆ ಒಲೆಯ ಕಡೆ ನೋಡಿದಳು. ಹೊಸಬಳು ತಲೆಯನ್ನು ಸಣ್ಣಗೆ ಅಡ್ಡ ಆಡಿಸಿದಳು: ಬೇಡ.

“...ಹಸಿದ ಮಗುವನ್ನು ಹುಡುಕ್ಕೊಂಡು ಹೋಗಿ ಉಣಿಸಿದ ತಾಯಿ ಇವರು!” ಎಂದರು ಮೇಡಂ. ನಾನೂರು ಮಕ್ಕಳ ಚಪ್ಪಾಳೆಗೆ ತಗಡಿನ ಛಾವಣಿ ಅದುರಿತು. ಗಂಡ ಕಣ್ಣೊರೆಸಿಕೊಂಡ. ಹೊಸಬಳು ಕೂಡ ಚಪ್ಪಾಳೆ ತಟ್ಟಿದಳು. ತಟ್ಟದೆ ನಿಂತರೆ ಪಕ್ಕದವರು ತಿರುಗಿ ನೋಡುತ್ತಾರಲ್ಲ. ಎರಡು ಮಾತಾಡಿ ಎಂದು ಎಲ್ಲರೂ ಒತ್ತಾಯಿಸಿದರು. ಮೂವತ್ತೆರಡು ವರ್ಷ ಬಾಯಿ ಮುಚ್ಚದವಳು ಎದ್ದು ನಿಂತಳು, ಕೈ ಮುಗಿದಳು, ಹಾಗೆಯೇ ಕುಳಿತುಬಿಟ್ಟಳು. ಪಾಪ, ದುಃಖ ಉಮ್ಮಳಿಸಿ ಬಂತು ಎಂದುಕೊಂಡು ಜನ ಮತ್ತೊಮ್ಮೆ ಚಪ್ಪಾಳೆ ತಟ್ಟಿದರು.

ಮಕ್ಕಳು ಮನೆಗೆ ಹೊರಡುವ ಗದ್ದಲದಲ್ಲಿ ಹೊಸಬಳ ಮಗಳು ಕುರ್ಚಿಯ ಹತ್ತಿರ ಬಂದಳು. ಎರಡು ಜಡೆ, ಮುಂದಿನ ಒಂದು ಹಲ್ಲು ಬಿದ್ದಿತ್ತು. ತಾಯಿ ಎರಡು ಹೆಜ್ಜೆ ಹಿಂದೆ ಚೀಲ ಹಿಡಿದು ನಿಂತಿದ್ದಳು.

“ಅಜ್ಜಿ, ಆ ಹುಡುಗಿ ಆಮೇಲೆ ಊಟ ಮಾಡಿದ್ಲಾ?”

ಹದಿನೇಳು ವರ್ಷದಲ್ಲಿ ನೂರಾರು ಜನ ಆ ಕಥೆ ಕೇಳಿದ್ದರು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

“ಗೊತ್ತಿಲ್ಲ ಕಂದಾ,” ಎಂದಳು ಸೌಟಮ್ಮ. “ತಟ್ಟೆ ಇಟ್ಟು ಬಂದ್ಬಿಟ್ಟೆ. ನಾನು ತಿರುಗಿ ನೋಡಲಿಲ್ಲ.”

ಮಗು ತಾಯಿಯ ಕಡೆ ನೋಡಿತು.

“ತಿಂದಿರ್ತಾಳೆ ಬಿಡು,” ಎಂದಳು ತಾಯಿ. “ಬಾ, ಹೊತ್ತಾಯ್ತು.”

ಇಬ್ಬರೂ ಅಂಗಳಕ್ಕೆ ಇಳಿದರು. ಮಗು ಹಿಂದಿರುಗಿ ಒಮ್ಮೆ ಕೈ ಬೀಸಿತು. ಸೌಟಮ್ಮನ ಕೈ ಬುಟ್ಟಿಯೊಳಗೆ ಹೋಗಿ ಒಂದು ಸೇಬನ್ನು ಎತ್ತಿಕೊಂಡಿತ್ತು. ಕೂಗಿ ಕರೆಯಲು ಬಾಯಿ ತೆರೆದಳು. ಸುತ್ತ ಅಷ್ಟೊಂದು ಮಕ್ಕಳು ನೋಡುತ್ತಿದ್ದವು. ಹಣ್ಣು ಹಿಡಿದುಕೊಂಡು ಹಾಗೆಯೇ ಕುಳಿತಳು. ಒಂದು ಮಗುವಿಗೆ ಒಂದು ಹಣ್ಣು ಕೊಡುವುದು ಸರಿಯೋ ತಪ್ಪೋ ಎಂಬುದೇ ಆಕೆಗೆ ಈಗ ತಿಳಿಯದಾಗಿತ್ತು.